ಗಂಟಲ ಬ್ಯಾನಿಗೆ ಹತ್ತು ದಿನದ ಗುಳಿಗೆ ಯಾಕೆ?

ಗಂಗಾವತಿಯ ಒಂದು ಮೆಡಿಕಲ್ ಅಂಗಡಿ. ಸಂಜೆ ಆರೂವರೆ ಇರಬೇಕು. ಅವ್ವನ ಬಿಪಿ ಗುಳಿಗೆ ತಗೊಳ್ಳಲು ನಿಂತಿದ್ದೆ. ನನ್ನ ಮುಂದೆ ಕಾರಟಗಿ ಬಸ್ಸಿನ ಅವಸರದಲ್ಲಿದ್ದ ಹೆಣ್ಣುಮಗಳೊಬ್ಬಳು.

"ಅಣ್ಣಾ, ಹುಡುಗಗ ಗಂಟ್ಲ ಬ್ಯಾನಿ ಆಗೈತ್ರಿ. ಉಗುಳು ನುಂಗಾಕ ಆಗವಲ್ದು. ಎರಡ್ ದಿನದ್ದು ಗುಳಗಿ ಕೊಡ್ರಿ."

"ಜ್ವರ ಬಂದಾವೇನ್ ಯಕ್ಕಾ?"

"ರಾತ್ರಿಯಿಂದ ಮೈ ಸುಡಾಕ್ಹತ್ತೈತಿ."

"ಎಷ್ಟು ವರ್ಷದಾಂವ?"

"ಎಂಟು ತುಂಬ್ಯಾವ."

ಅಂಗಡಿಯವರು ಮತ್ತೇನೂ ಕೇಳಲಿಲ್ಲ. ಕತ್ತರಿ ಆಡಿತು. ಕೆಂಪು ಗೆರೆಯ ಆಂಟಿಬಯೋಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಸ್ಟ್ರಿಪ್ಪಿನಿಂದ ನಾಲ್ಕು, ಜ್ವರದ್ದು ನಾಲ್ಕು, ನೆಗಡಿಯದು ಎರಡು, "ಹೊಟ್ಟಿ ಉರೀಬಾರ್ದಂತ" ಇನ್ನೆರಡು. ಎಲ್ಲ ಒಂದೇ ಕಾಗದದ ಪೊಟ್ಟಣಕ್ಕೆ ಬಿದ್ದವು. "ಉಂಡ ಮ್ಯಾಲೆ ಕೊಡ್ರಿ, ಬಿಸಿನೀರು ಕುಡಸ್ರಿ." ನೂರರ ನೋಟಿಗೆ ಚಿಲ್ಲರೆ ಬಂತು. ಎರಡು ನಿಮಿಷದ ವ್ಯವಹಾರ.

ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆಕೆಯ ಜಾಗದಲ್ಲಿ ನಿಂತು ಲೆಕ್ಕ ಹಾಕಿದರೆ ಬೇರೆ ಕಾಣುತ್ತದೆ. ದವಾಖಾನೆಗೆ ಹೋದರೆ ಚೀಟಿ ಮಾಡಿಸಬೇಕು, ಪಾಳಿ ಹಚ್ಚಬೇಕು, ಒಂದು ದಿನದ ಕೂಲಿ ಹೋಯಿತು. ಮೇಲಾಗಿ ಈ ಪೊಟ್ಟಣ ಕೆಲಸ ಮಾಡುತ್ತದೆ, ಅಥವಾ ಮಾಡಿದಂತೆ ಕಾಣುತ್ತದೆ. ಮೂರನೇ, ನಾಲ್ಕನೇ ದಿನಕ್ಕೆ ಹುಡುಗ ಓಣಿಯಲ್ಲಿ ಲಗೋರಿ ಆಡುತ್ತಿರುತ್ತಾನೆ. ಅಂಗಡಿಯವರ ಕೈಗುಣ ಚಲೋ ಐತಿ ಅಂತ ಓಣಿಯಲ್ಲಿ ಮಾತಾಗುತ್ತದೆ. ಮುಂದಿನ ಸಲ ಪಕ್ಕದ ಮನೆಯವರೂ ಅಲ್ಲಿಗೇ ಹೋಗುತ್ತಾರೆ.

ಆ ಕೈಗುಣದ ಗುಟ್ಟು ಬಿಡಿಸಿದರೆ ಗಂಟಲು ನೋವಿನ ಆಂಟಿಬಯೋಟಿಕ್ ಕಥೆ ಅರ್ಧ ತಿಳಿದಂತೆ. ಉಳಿದರ್ಧ ಇರುವುದು ಎದೆಯೊಳಗೆ.

ಮೊದಲು ಗಂಟಲು. ಅದು ನೋಯಲು ಕಾರಣ ಒಂದೇ ಅಲ್ಲ. ನಮ್ಮ ಕಡೆಯಂತೂ ಸೋಂಕೇ ಬೇಕಿಲ್ಲ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಬೈಕ್ ಓಡಿಸಿದವರಿಗೆ ಗೊತ್ತು, ಮೂಗಲ್ಲೂ ಬಾಯಲ್ಲೂ ಕೆಂಪು ಧೂಳು. ಗಿಣಿಗೇರಿ ಕಡೆ ಕಾರ್ಖಾನೆಗಳ ಹೊಗೆ, ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಬೂದಿ, ಸುಗ್ಗಿಯಲ್ಲಿ ಒಣಮೆಣಸಿನಕಾಯಿಯ ಘಾಟು. ರಾಯಚೂರಿನ ಮೇ ತಿಂಗಳಲ್ಲಿ ಕೂಲರ್ ಮುಂದೆ ಬಾಯಿ ತೆರೆದು ಮಲಗಿದರೂ ಸಾಕು, ಬೆಳಿಗ್ಗೆ ಗಂಟಲು ಕೆರೆದಿರುತ್ತದೆ. ಇಂಥ ಗಂಟಲಿಗೆ ಆಂಟಿಬಯೋಟಿಕ್ ಕೊಡುವುದು ಧೂಳಿಗೆ ಔಷಧಿ ಹೊಡೆದಂತೆ.

ಇನ್ನು ಸೋಂಕಿಗೆ ಬಂದರೆ, ಅದರಲ್ಲೂ ಬಹುಪಾಲು ವೈರಸ್‌ಗಳದು. ನೆಗಡಿ, ಫ್ಲೂ, ಕೋವಿಡ್ ತರುವ ಅದೇ ಬಳಗ. ವೈದ್ಯಕೀಯ ಮಾರ್ಗಸೂಚಿಗಳ ಲೆಕ್ಕದಲ್ಲಿ, ಗಂಟಲು ನೋವೆಂದು ಬರುವ ನೂರು ಮಕ್ಕಳಲ್ಲಿ 20ರಿಂದ 30 ಮಂದಿಗೆ, ನೂರು ದೊಡ್ಡವರಲ್ಲಿ 5ರಿಂದ 15 ಮಂದಿಗೆ ಮಾತ್ರ ನಾವು ಇಲ್ಲಿ ಮಾತಾಡಲಿರುವ ಬ್ಯಾಕ್ಟೀರಿಯಾ ಅಂಟಿರುತ್ತದೆ. ಅಂದರೆ ದೊಡ್ಡವರೊಬ್ಬರು ಗಂಟಲು ನೋವಿಗೆ ಆಂಟಿಬಯೋಟಿಕ್ ನುಂಗಿದರೆ, ಹತ್ತರಲ್ಲಿ ಎಂಟೊಂಬತ್ತು ಸಲ ಅದು ಗುರಿಯೇ ಇಲ್ಲದ ಗುಂಡು.

ಆ ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೊಕಾಕಸ್ ಪಯೋಜೆನಸ್. ವೈದ್ಯರ ಬಾಯಲ್ಲಿ ಚುಟುಕಾಗಿ ಸ್ಟ್ರೆಪ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡು ಕಾಳುಗಳನ್ನು ಪೋಣಿಸಿದಂತೆ, ನಮ್ಮ ಹೆಂಗಸರ ಬೋರಮಾಳ ಸರದ ಹಾಗೆ. 1874ರಲ್ಲಿ ಥಿಯೋಡೋರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ಈ ಸರ ನೋಡಿಯೇ ಗ್ರೀಕ್ ಮಾತಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂದು ಕರೆದ: ತಿರುಚಿದ ಸರ, ಅದರಲ್ಲಿ ಕಾಳು. ಪಯೋಜೆನಸ್ ಅಂದರೆ ಕೀವು ಹುಟ್ಟಿಸುವಂಥದ್ದು. ಐದರಿಂದ ಹದಿನೈದು ವರ್ಷದವರೆಂದರೆ ಇದಕ್ಕೆ ಬಲು ಪ್ರೀತಿ, ಮೂರು ವರ್ಷದೊಳಗಿನ ಕೂಸುಗಳಲ್ಲಿ ಅಪರೂಪ. ಕೆಮ್ಮು, ಸೀನು, ಉಗುಳಿನ ಹನಿಗಳಲ್ಲಿ ಹರಡುತ್ತದೆ. ಇಕ್ಕಟ್ಟಾಗಿ ಮಲಗುವಲ್ಲಿ ಇದಕ್ಕೆ ಹಬ್ಬ. ಹಾಸ್ಟೆಲ್ಲಿನ ಕೋಣೆ, ಗುಳೆ ಹೋದವರು ಬೆಂಗಳೂರಿನಲ್ಲಿ ಕಟ್ಟಿಕೊಳ್ಳುವ ತಗಡಿನ ಶೆಡ್ಡು, ಆರು ಮಂದಿ ಸಾಲಾಗಿ ಮಲಗುವ ಪಡಸಾಲೆ.

ಗಂಟಲು ನೋಡಿ ಇದು ವೈರಸ್ಸೋ ಸ್ಟ್ರೆಪ್ಪೋ ಹೇಳಬಹುದೇ? ಖಚಿತವಾಗಿ ಹೇಳಲು ಪಳಗಿದ ಡಾಕ್ಟರಿಗೂ ಆಗದು. ಆದರೆ ಸುಳಿವುಗಳಿವೆ. ಮೂಗು ಸೋರುತ್ತಿದೆ, ಕೆಮ್ಮು ಇದೆ, ದನಿ ಒಡೆದಿದೆ, ಕಣ್ಣು ಕೆಂಪಾಗಿದೆ, ಬಾಯಲ್ಲಿ ಹುಣ್ಣಾಗಿದೆ ಎಂದರೆ ಹೆಚ್ಚಾಗಿ ವೈರಸ್. ಸ್ಟ್ರೆಪ್ ಬರುವ ರೀತಿ ಬೇರೆ: ನಿನ್ನೆ ಚೆನ್ನಾಗಿದ್ದ ಹುಡುಗನಿಗೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾರದ ನೋವು, ತಲೆನೋವು, ಕೆಲವು ಮಕ್ಕಳಲ್ಲಿ ಹೊಟ್ಟೆನೋವು ಮತ್ತು ವಾಂತಿ. ನೆಗಡಿ, ಕೆಮ್ಮು ಸಾಮಾನ್ಯವಾಗಿ ಇರುವುದಿಲ್ಲ. 1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟೋರ್ ಮತ್ತವರ ಜೊತೆಗಾರರು ಇದನ್ನೇ ನಾಲ್ಕು ಪ್ರಶ್ನೆಗೆ ಇಳಿಸಿದರು. ಜ್ವರವಿದೆಯೇ? ಟಾನ್ಸಿಲ್ ಮೇಲೆ ಬಿಳಿ ಕೀವು ಕಾಣುತ್ತದೆಯೇ? ಕತ್ತಿನ ಮುಂಭಾಗದ ಗಂಟುಗಳು ಊದಿ, ಮುಟ್ಟಿದರೆ ನೋಯುತ್ತವೆಯೇ? ಕೆಮ್ಮು ಇಲ್ಲವೇ? ಒಂದೊಂದಕ್ಕೆ ಒಂದಂಕ. ಆಮೇಲೆ ವಯಸ್ಸಿನ ಅಂಕವೂ ಸೇರಿತು, ಮಕ್ಕಳಿಗೆ ಒಂದು ಹೆಚ್ಚು, 45 ದಾಟಿದವರಿಗೆ ಒಂದು ಕಡಿಮೆ. ಸೊನ್ನೆಯೋ ಒಂದೋ ಬಂದರೆ ಪರೀಕ್ಷೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ತಮಾಷೆ ಎಂದರೆ, ನಾಲ್ಕಕ್ಕೆ ನಾಲ್ಕು ಬಂದರೂ ಅದು ಸ್ಟ್ರೆಪ್ ಆಗಿರುವ ಸಾಧ್ಯತೆ ಸುಮಾರು ಅರ್ಧದಷ್ಟೇ. ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ "ಇನ್‌ಫೆಕ್ಷನ್ ಆಗೈತಿ, ಪವರಿನ ಗುಳಗಿ ಬೇಕು" ಅನ್ನುವ ನಮ್ಮ ಮೊಬೈಲ್ ಟಾರ್ಚಿನ ವೈದ್ಯಕೀಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಖಚಿತಪಡಿಸಲು ಎರಡು ದಾರಿ. ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದು ಕೆಲವೇ ನಿಮಿಷದಲ್ಲಿ ನೋಡುವ ರ‍್ಯಾಪಿಡ್ ಪರೀಕ್ಷೆ ಒಂದು, ಇದು ಎಲ್ಲ ಕಡೆ ಸಿಗುವಂಥದ್ದಲ್ಲ. ಇನ್ನೊಂದು ಕಲ್ಚರ್, ಅದೇ ಕಡ್ಡಿಯನ್ನು ರಕ್ತ ಬೆರೆಸಿದ ತಟ್ಟೆಯ ಮೇಲೆ ಎಳೆದು, ಒಂದೆರಡು ದಿನ ಬಿಟ್ಟು ಏನು ಬೆಳೆಯಿತು ನೋಡುವುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ಕಲ್ಚರಿಗೆ ಕೇಳಬೇಕಾದ್ದು ಅಲ್ಲಿನ ಸೂಕ್ಷ್ಮಜೀವಿ ವಿಭಾಗದಲ್ಲಿ. ಎಎಸ್‌ಒ ಎಂಬ ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು. ಅದು ಹೇಳುವುದು ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋಗಿದೆ ಎಂದಷ್ಟೇ. ಇವತ್ತಿನ ಗಂಟಲು ನೋವಿಗೆ ಅದರಿಂದ ಉತ್ತರ ಸಿಗುವುದಿಲ್ಲ. ಬೇರೆ ಲಕ್ಷಣವೇ ಇಲ್ಲದೆ "ಎಎಸ್‌ಒ ಹೆಚ್ಚು ಬಂದೈತಿ" ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ವರ್ಷಗಟ್ಟಲೆ ಪೆನಿಸಿಲಿನ್ ಸೂಜಿ ಮಾಡಿಸುವುದು ಸರಿಯಲ್ಲ.

ಈಗ ಕೈಗುಣದ ಗುಟ್ಟು. ನಿಜವಾದ ಸ್ಟ್ರೆಪ್ ಗಂಟಲು ನೋವು ಕೂಡ, ಯಾವ ಆಂಟಿಬಯೋಟಿಕ್ ಇಲ್ಲದೆ, ಮೂರರಿಂದ ಐದು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆಂಟಿಬಯೋಟಿಕ್ ಆ ಅವಧಿಯನ್ನು ಕಡಿಮೆ ಮಾಡುವುದು ಹೆಚ್ಚುಕಡಿಮೆ ಒಂದು ದಿನದಷ್ಟು. ಪೊಟ್ಟಣದಲ್ಲಿ ನೋವು ಇಳಿಸಿದ್ದು ಬಹುತೇಕ ಆ ಜ್ವರದ ಗುಳಿಗೆ, ಗಂಟಲು ವಾಸಿ ಮಾಡಿದ್ದು ಹುಡುಗನ ಮೈಯೇ. ಹೆಸರು ಮಾತ್ರ ಕೆಂಪು ಗೆರೆಯ ಗುಳಿಗೆಗೆ ಬಂತು.

ತಾನಾಗಿ ವಾಸಿಯಾಗುವ ಕಾಯಿಲೆಗೆ ಹತ್ತು ದಿನದ ಆಂಟಿಬಯೋಟಿಕ್ ಯಾಕೆ ಬರೆಯುತ್ತಾರೆ ಹಾಗಾದರೆ? ಯಾಕೆಂದರೆ ಅದನ್ನು ಬರೆಯುವುದು ಗಂಟಲಿಗಾಗಿ ಅಲ್ಲ.

ಸ್ಟ್ರೆಪ್ ತನ್ನ ಮೈಮೇಲೆ ಎಂ ಪ್ರೋಟೀನ್ ಎಂಬ ಕೂದಲಿನಂಥ ಹೊದಿಕೆ ಹೊದ್ದಿರುತ್ತದೆ. ನಮ್ಮ ಮೈಯ ಕಾವಲು ಪಡೆ ಶತ್ರುವನ್ನು ಗುರುತಿಟ್ಟುಕೊಳ್ಳುವುದು ಇಂಥ ಹೊದಿಕೆಗಳಿಂದಲೇ. ಎಡವಟ್ಟು ಏನೆಂದರೆ, ಈ ಪ್ರೋಟೀನಿನ ಕೆಲವು ತುಣುಕುಗಳು ನಮ್ಮ ಹೃದಯದ ಪ್ರೋಟೀನುಗಳನ್ನೇ ಹೋಲುತ್ತವೆ. ಗಂಟಲು ವಾಸಿಯಾಗಿ ಎರಡು-ಮೂರು ವಾರ ಕಳೆದ ಮೇಲೆ, ಕೆಲವು ಮಕ್ಕಳಲ್ಲಿ, ಆ ಕಾವಲು ಪಡೆ ತಿರುಗಿ ಸ್ವಂತ ಮೈಮೇಲೆ ಬೀಳುತ್ತದೆ. ಹೊಲ ಕಾಯಲು ಬಿಟ್ಟ ನಾಯಿ ಕತ್ತಲಲ್ಲಿ ಮನೆಯವರನ್ನೇ ಕಚ್ಚಿದ ಹಾಗೆ. ಇದೇ ರುಮ್ಯಾಟಿಕ್ ಜ್ವರ. ಮೊದಲು ಮಂಡಿ ಊದುತ್ತದೆ, ಅದು ಇಳಿಯುವಷ್ಟರಲ್ಲಿ ಪಾದದ ಹರಡು, ಆಮೇಲೆ ಮೊಣಕೈ. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಅಲೆಯುತ್ತದೆ. ಕೀಲುಗಳು ಕೆಲವು ವಾರದಲ್ಲಿ ಗುರುತೂ ಉಳಿಯದಂತೆ ಸರಿಹೋಗುತ್ತವೆ. ಹೃದಯ ಹಾಗೆ ಬಿಡಿಸಿಕೊಳ್ಳುವುದಿಲ್ಲ. ಈ ಕಾಯಿಲೆ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಲಾಸೆಗ್ ಹೇಳಿದ ಮಾತನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ.

ಕಚ್ಚುವುದು ಹೃದಯದ ಕವಾಟಗಳನ್ನು. ತುಂಗಭದ್ರೆಯ ನೀರು ಕುಡಿಯುವ ನಮಗೆ ಗೇಟಿನ ಮಹತ್ವ ಬೇರೆ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ನಮ್ಮ ಜಿಲ್ಲೆಗಳ ರೈತರು ನಿದ್ದೆಗೆಟ್ಟಿದ್ದರು. ಹೃದಯದಲ್ಲಿ ಅಂಥವು ನಾಲ್ಕು. ರಕ್ತ ಒಂದೇ ದಿಕ್ಕಿಗೆ ಹರಿಯಲಿ ಎಂದು ತೆರೆದು ಮುಚ್ಚುತ್ತವೆ. ರುಮ್ಯಾಟಿಕ್ ಜ್ವರ ಹೆಚ್ಚಾಗಿ ಎಡಗಡೆಯ ಮೈಟ್ರಲ್ ಕವಾಟಕ್ಕೆ ಗಂಟು ಬೀಳುತ್ತದೆ. ಗಾಯವಾಗಿ, ಮಾಯ್ದು, ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ಕೊನೆಗೆ ಗೇಟು ಪೂರ್ತಿ ತೆರೆಯುವುದೂ ಇಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ. ಜ್ವರ ಮತ್ತೆ ಮತ್ತೆ ಮರುಕಳಿಸಿದಷ್ಟೂ ಹಾನಿ ಏರುತ್ತದೆ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಬಸುರಿಯಾದಾಗ, ರಕ್ತದ ಪ್ರಮಾಣ ಹೆಚ್ಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ. ಆಮೇಲೆ ಕಲಬುರಗಿಯ ಜಯದೇವಕ್ಕೋ ಬೆಂಗಳೂರಿಗೋ ಓಡಾಟ, ಬಲೂನ್ ಹಾಕಿ ಕವಾಟ ಬಿಡಿಸುವುದು, ಇಲ್ಲವೇ ಬದಲಿಸುವ ಆಪರೇಷನ್. ಎಂಟನೇ ವಯಸ್ಸಿನ ಒಂದು ಗಂಟಲ ಬ್ಯಾನಿ ಇಪ್ಪತ್ತೈದನೇ ವಯಸ್ಸಿಗೆ ಹೀಗೆ ಬಾಗಿಲು ತಟ್ಟುತ್ತದೆ.

ಸ್ಟ್ರೆಪ್ ಬಂದ ಮಕ್ಕಳಲ್ಲಿ ಹೀಗಾಗುವುದು ಕೆಲವರಿಗೆ ಮಾತ್ರ. ಶ್ರೀಮಂತ ದೇಶಗಳಲ್ಲಂತೂ ಇದು ಮರೆತುಹೋದ ಕಾಯಿಲೆ. ಆದರೆ ಯಾವ ಮಗುವಿಗೆ ಆಗುತ್ತದೆ ಎಂದು ಮುಂಚೆ ಹೇಳುವ ದಾರಿಯಿಲ್ಲ, ಮತ್ತು ಭಾರತ ಇಂದಿಗೂ ಈ ಹೃದ್ರೋಗದ ದೊಡ್ಡ ಹೊರೆ ಹೊತ್ತ ದೇಶಗಳಲ್ಲಿ ಒಂದು. ಇದನ್ನು ಬಡವರ ಹೃದ್ರೋಗ ಎಂದು ಕರೆದರೆ ತಪ್ಪಿಲ್ಲ. ಇಕ್ಕಟ್ಟಿನ ಮನೆ, ತಡವಾಗುವ ದವಾಖಾನೆ, ಅರ್ಧಕ್ಕೆ ನಿಲ್ಲುವ ಗುಳಿಗೆ, ಮೂರೂ ಒಂದೇ ಮನೆಯಲ್ಲಿ ಸೇರುತ್ತವೆ.

ಇದನ್ನು ತಡೆಯಬಹುದು ಎಂದು ತೋರಿಸಿದ್ದು ಅಮೆರಿಕದ ವಯೋಮಿಂಗ್ ರಾಜ್ಯದ ವಾರೆನ್ ವಾಯುನೆಲೆ. ಸೈನಿಕರ ಬ್ಯಾರಕ್ಕುಗಳಲ್ಲಿ ಸ್ಟ್ರೆಪ್ ಹಬ್ಬುತ್ತಿತ್ತು, ಹಿಂದೆಯೇ ರುಮ್ಯಾಟಿಕ್ ಜ್ವರ. ಗಂಟಲು ನೋವು ಬಂದವರಲ್ಲಿ ಕೆಲವರಿಗೆ ಪೆನಿಸಿಲಿನ್ ಸೂಜಿ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿದರು. 1950ರಲ್ಲಿ ಫಲಿತಾಂಶ ಪ್ರಕಟವಾಯಿತು: ಪೆನಿಸಿಲಿನ್ ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಬಹಳವೇ ಕಡಿಮೆ. ಆ ಸೂಜಿಯಲ್ಲಿ ಪೆನಿಸಿಲಿನ್ ಬೆರೆಸಿದ್ದು ಶೇಂಗಾ ಎಣ್ಣೆಯಲ್ಲಿ. ಮೈಯೊಳಗೆ ನಿಧಾನವಾಗಿ ಇಳಿದು ಹೆಚ್ಚು ಹೊತ್ತು ಉಳಿಯಲಿ ಎಂಬ ಉಪಾಯ. ಈ ಸಂಶೋಧನೆಗಳ ಸಾಲಿನಿಂದ ಬಂದ ಇನ್ನೊಂದು ತಿಳಿವಳಿಕೆ ನಮಗೆ ಬಹಳ ಮುಖ್ಯ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಚಿಕಿತ್ಸೆ ಶುರುವಾದರೂ ಹೃದಯ ಉಳಿಯುತ್ತದೆ.

ಒಂಬತ್ತು ದಿನ. ಅಂದರೆ ಆ ಸಂಜೆ ಬಸ್ಸಿನ ಅವಸರದಲ್ಲಿ ಆಕೆ ಆಂಟಿಬಯೋಟಿಕ್ ಕೊಳ್ಳಬೇಕಾದ ತುರ್ತೇ ಇರಲಿಲ್ಲ. ರಾತ್ರಿಗೆ ಜ್ವರದ ಗುಳಿಗೆ ಸಾಕಿತ್ತು. ಮರುದಿನವೋ ಅದರ ಮರುದಿನವೋ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ, ಬೇಕಿದ್ದರೆ ಕಲ್ಚರಿಗೆ ಕಳಿಸಿ ಎರಡು ದಿನ ಕಾದಿದ್ದರೂ ಕಾಲ ಮೀರುತ್ತಿರಲಿಲ್ಲ. ಈ ಮಾತು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಜ್ವರ ಬಂತೆಂದರೆ ಅರ್ಧ ತಾಸಿನಲ್ಲಿ ಏನಾದರೂ ಹೊಟ್ಟೆಗೆ ಹೋಗಬೇಕು, ಹೋಗದಿದ್ದರೆ ಆರೈಕೆ ಮಾಡಿಲ್ಲವೆಂದು ಅತ್ತೆಯೋ ನೆರೆಯವರೋ ಅನ್ನುತ್ತಾರೆ.

ಪೆನಿಸಿಲಿನ್ ಕೆಲಸ ಮಾಡುವ ಬಗೆ ಗೊತ್ತಾದರೆ ಹತ್ತು ದಿನದ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆ ಇರುತ್ತದೆ. ಒಳಗೆ ಒತ್ತಡ ಎಷ್ಟೆಂದರೆ, ಗೋಡೆ ಸಡಿಲವಾದರೆ ಒಡೆದೇ ಹೋಗುತ್ತದೆ. ಗಂಗಾವತಿಯ ಮಿಲ್ಲಿನಲ್ಲಿ ಬಿರಿಯುವಂತೆ ತುಂಬಿದ ಭತ್ತದ ಚೀಲ ನೆನಪಿಸಿಕೊಳ್ಳಿ. ಬ್ಯಾಕ್ಟೀರಿಯಾ ಬೆಳೆಯಬೇಕೆಂದರೆ ಅಲ್ಲಲ್ಲಿ ಹೊಲಿಗೆ ಬಿಚ್ಚಿ, ಹೊಸ ತುಂಡು ಸೇರಿಸಿ, ಮತ್ತೆ ಹೊಲಿದುಕೊಳ್ಳಬೇಕು. ಪೆನಿಸಿಲಿನ್ ಹೋಗಿ ಹಿಡಿದುಕೊಳ್ಳುವುದು ಆ ಹೊಲಿಯುವ ದಬ್ಬಣವನ್ನೇ. ಬಿಚ್ಚುವ ಕೆಲಸ ನಡೆಯುತ್ತದೆ, ಹೊಲಿಯುವುದು ನಿಲ್ಲುತ್ತದೆ, ಚೀಲ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆ ಇಲ್ಲ, ಅದಕ್ಕೇ ನಮಗೆ ಪೆಟ್ಟಿಲ್ಲ. ವೈರಸ್‌ಗೂ ಗೋಡೆ ಇಲ್ಲ, ಅದಕ್ಕೇ ನೆಗಡಿ-ಗಂಟಲಿಗೆ ಅದರಿಂದ ಉಪಯೋಗವಿಲ್ಲ. ಡೋಸ್ ಎಷ್ಟು ಹೆಚ್ಚಿಸಿದರೂ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ದಬ್ಬಣ ಕಸಿದರೆ ತೊಂದರೆಯಾಗುವುದು ಹೊಲಿಯುತ್ತಿರುವವನಿಗೆ. ಬೆಳೆಯದೆ ಸುಮ್ಮನೆ ಮಲಗಿರುವ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ಅಷ್ಟಾಗಿ ತಾಗುವುದಿಲ್ಲ. ಟಾನ್ಸಿಲ್ಲಿನ ಸಂದುಗಳಲ್ಲಿ ಅಂಥವು ಉಳಿದಿರುತ್ತವೆ. ಎರಡನೇ ದಿನಕ್ಕೆ ಜ್ವರ ಹೋಯಿತು, ನೋವು ಹೋಯಿತು, ಬ್ಯಾಕ್ಟೀರಿಯಾ ಪೂರ್ತಿ ಹೋಗಿಲ್ಲ. ಹೃದಯ ಕಾಪಾಡಬೇಕೆಂದರೆ ಗಂಟಲಿನಿಂದ ಅದನ್ನು ಬೇರುಸಹಿತ ಕೀಳಬೇಕು. ಹತ್ತು ದಿನ ಎಂಬುದು ಆ ಲೆಕ್ಕ. ಬೇರೆ ಕೆಲವು ಸೋಂಕುಗಳಲ್ಲಿ ಇತ್ತೀಚೆಗೆ ವೈದ್ಯರೇ ಅವಧಿ ಕಡಿಮೆ ಮಾಡಿದ್ದಾರೆ, ರುಮ್ಯಾಟಿಕ್ ಜ್ವರ ಅಪರೂಪವಾದ ಕೆಲವು ದೇಶಗಳಲ್ಲಿ ಗಂಟಲಿಗೂ ಐದು ದಿನ ಸಾಕೆನ್ನುತ್ತಾರೆ. ನಾವು ಆ ದೇಶದಲ್ಲಿಲ್ಲ.

ಹತ್ತು ದಿನ ಗುಳಿಗೆ ನುಂಗಿಸಲು ಆಗದು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಬೆಂಜಥೀನ್ ಪೆನಿಸಿಲಿನ್, ಒಂದೇ ಸೂಜಿ. ಸ್ನಾಯುವಿನೊಳಗೆ ಕೂತು ವಾರಗಟ್ಟಲೆ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತದೆ. "ಒಂದ್ ಸೂಜಿ ಮಾಡ್ರಿ, ಎಲ್ಲಾ ಹೋಗಬೇಕು" ಎಂದು ನಮ್ಮ ಹಳ್ಳಿಗಳಲ್ಲಿ ಪ್ರತಿ ಕಾಯಿಲೆಗೂ ಕೇಳುವ ವರ ನಿಜವಾಗುವುದು ಇದೊಂದರಲ್ಲೇ ಇರಬೇಕು. ಚುಚ್ಚಿದ ಜಾಗ ಒಂದೆರಡು ದಿನ ಚೆನ್ನಾಗಿ ನೋಯುತ್ತದೆ. ಅಲರ್ಜಿಯಾದರೆ ಸಂಭಾಳಿಸುವ ಸಿದ್ಧತೆ ಇರುವಲ್ಲೇ ಮಾಡಿಸಬೇಕು. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಇದೇ ಸೂಜಿ ಮೂರು ವಾರಕ್ಕೊಮ್ಮೆ, ವರ್ಷಗಟ್ಟಲೆ, ಕೆಲವರಿಗೆ 40 ವಯಸ್ಸಿನವರೆಗೂ ಬೇಕಾಗುತ್ತದೆ. ಗುಳೆ ಹೋಗುವ ಮನೆಗಳಲ್ಲಿ ತಪ್ಪಿಹೋಗುವುದು ಇಲ್ಲೇ. ಸೂಜಿಯ ಚೀಟಿ ಊರಿನ ಟ್ರಂಕಿನಲ್ಲಿ, ಮಗು ಮುಂಬೈಯಲ್ಲಿ. ಹೊರಡುವ ಮುಂಚೆ ಆ ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಮುಂದುವರಿಸಬಹುದು.

ಪೆನಿಸಿಲಿನ್ ಕುಟುಂಬದಲ್ಲೇ ಮಕ್ಕಳಿಗೆ ಹೆಚ್ಚಾಗಿ ಬರೆಯುವುದು ಅಮಾಕ್ಸಿಸಿಲಿನ್, ಹತ್ತು ದಿನ, ತೂಕ ನೋಡಿ ಡೋಸ್. ಹಳೆಯದು, ಅಗ್ಗದ್ದು. ಹಳೆಯದಾದ್ದರಿಂದ "ಪವರ್ ಕಡಿಮೆ" ಎಂಬ ಅಪವಾದವೂ ಅದಕ್ಕಿದೆ. ಆದರೆ ಇಲ್ಲೊಂದು ಅಚ್ಚರಿ ಕೇಳಿ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ ಒಂದು ಕಲ್ಪಿತ ಪ್ರಸಂಗ ಹೇಳಿದ. ಒಬ್ಬಾತನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ಸ್ಟ್ರೆಪ್ಟೊಕಾಕಸ್ ಸಾಯುವಷ್ಟಲ್ಲ, ಅದಕ್ಕೆ ಎದುರು ನಿಲ್ಲುವ ಪಾಠ ಕಲಿಸುವಷ್ಟು ಮಾತ್ರ ನುಂಗುತ್ತಾನೆ. ಸೋಂಕು ಹೆಂಡತಿಗೆ ದಾಟುತ್ತದೆ. ಆಕೆಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಹತ್ತುವುದಿಲ್ಲ, ಆಕೆ ಸಾಯುತ್ತಾಳೆ. ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದ. ಆಂಟಿಬಯೋಟಿಕ್ ದುರ್ಬಳಕೆಗೆ ಅವನು ಕೊಟ್ಟ ಉದಾಹರಣೆಯೇ ಗಂಟಲು ನೋವು ಎಂಬುದು ಗಮನಿಸಬೇಕಾದ್ದು. ಇನ್ನೂ ಗಮನಿಸಬೇಕಾದ್ದು, ಆ ಉದಾಹರಣೆಯ ಒಂದು ಎಳೆ ಸುಳ್ಳಾಯಿತು. ಎಂಟು ದಶಕವಾದರೂ ಈ ಸ್ಟ್ರೆಪ್ ಪೆನಿಸಿಲಿನ್‌ಗೆ ಎದುರು ನಿಲ್ಲುವುದನ್ನು ಕಲಿತಿಲ್ಲ. ಜಗತ್ತಿನ ಯಾವ ರೋಗಿಯಲ್ಲೂ ಪೆನಿಸಿಲಿನ್‌ಗೆ ಬಗ್ಗದ ಪಯೋಜೆನಸ್ ಸ್ಟ್ರೆಪ್ ಸಿಕ್ಕಿಲ್ಲ. ಹಳೆಯ ದಬ್ಬಣ ಇಂದಿಗೂ ಮೊಂಡಾಗಿಲ್ಲ.

ಹಾಗಾದರೆ ಪೊಟ್ಟಣದ ನಾಲ್ಕು ಗುಳಿಗೆಯಿಂದ ನಷ್ಟವೇನು ಎನ್ನಬಹುದು. ನಷ್ಟ ಗಂಟಲಿನಲ್ಲಲ್ಲ, ಕರುಳಿನಲ್ಲಿ. ನುಂಗಿದ ಆಂಟಿಬಯೋಟಿಕ್ ಹೊಟ್ಟೆಯ ದಾರಿಯಾಗಿ ಮೈಯೆಲ್ಲ ಹರಿಯುತ್ತದೆ. ಕರುಳಿನಲ್ಲಿ, ಚರ್ಮದಲ್ಲಿ, ಮೂಗಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೂ ಅದು ತಾಗುತ್ತದೆ. ಅಲ್ಲಿ ದುರ್ಬಲರು ಸಾಯುತ್ತಾರೆ, ಗಟ್ಟಿಗರು ಉಳಿದು ಮರಿ ಹಾಕುತ್ತಾರೆ. ಆರು ತಿಂಗಳ ನಂತರ ಅವೇ ಮೂತ್ರನಾಳಕ್ಕೆ ಇಳಿದು ಉರಿಮೂತ್ರ ತಂದಾಗ, ಬರೆದ ಗುಳಿಗೆ ಹತ್ತುವುದಿಲ್ಲ. ಅಷ್ಟು ಹೊತ್ತಿಗೆ ಹಳೆಯ ಗಂಟಲು ನೋವು ಯಾರಿಗೆ ನೆನಪಿರುತ್ತದೆ?

ಮೂರು ಗುಳಿಗೆಯ ಅಜಿಥ್ರೊಮೈಸಿನ್ ಪಟ್ಟಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಅಷ್ಟು ಜನಪ್ರಿಯ ಅದು. ದಿನಕ್ಕೊಂದು, ಮೂರು ದಿನ, ಮುಗಿಯಿತು. ಅದು ಮೈಯಲ್ಲಿ ಬಹಳ ದಿನ ಉಳಿಯುವ ಔಷಧಿ, ಅದಕ್ಕೇ ಕೋರ್ಸು ಚಿಕ್ಕದು. ಅದೇ ಗುಣ ತೊಂದರೆಯೂ ಹೌದು. ಸಣ್ಣ ಪ್ರಮಾಣದಲ್ಲಿ ದಿನಗಟ್ಟಲೆ ಸುಳಿದಾಡುತ್ತಾ ಬ್ಯಾಕ್ಟೀರಿಯಾಗಳಿಗೆ ಪಾಠ ಕಲಿಸುತ್ತದೆ. ಪೆನಿಸಿಲಿನ್‌ಗೆ ಬಗ್ಗುವ ಸ್ಟ್ರೆಪ್ ಅಜಿಥ್ರೊಮೈಸಿನ್‌ಗೆ ಸದಾ ಬಗ್ಗುವುದಿಲ್ಲ, ಪ್ರತಿರೋಧ ಹಲವು ದೇಶಗಳಲ್ಲಿ ಕಂಡುಬಂದಿದೆ, ನಮ್ಮಲ್ಲೂ. ಅದು ಇರಬೇಕಾದ್ದು ಪೆನಿಸಿಲಿನ್ ಅಲರ್ಜಿ ನಿಜವಾಗಿ ಇರುವವರಿಗಾಗಿ. ಹೊಟ್ಟೆ ಕೆಟ್ಟಾಗ ತಂದು ಉಳಿದ ಸಿಪ್ರೊಫ್ಲಾಕ್ಸಸಿನ್, ಸೆಪ್ಟ್ರಾನ್ ಬಗೆಯ ಸಲ್ಫಾ ಗುಳಿಗೆ, ಡಾಕ್ಸಿಸೈಕ್ಲಿನ್, ಇವು ಯಾವುವೂ ಸ್ಟ್ರೆಪ್ ಗಂಟಲಿಗೆ ಸಲ್ಲುವುದಿಲ್ಲ.

ಅಲರ್ಜಿ ಎಂದಾಗ ಜನ ಹೇಳುವುದೆಲ್ಲ ಅಲರ್ಜಿಯಲ್ಲ. ಅಮಾಕ್ಸಿಸಿಲಿನ್ ತಗೊಂಡು ಭೇದಿಯಾದರೆ ಅದು ಅಡ್ಡಪರಿಣಾಮ. "ಉಷ್ಣ ಆತು" ಎನ್ನುವುದೂ ಹೆಚ್ಚಾಗಿ ಇದನ್ನೇ, ಮಜ್ಜಿಗೆ ಕುಡಿಯಿರಿ, ಗುಳಿಗೆ ನಿಲ್ಲಿಸಬೇಡಿ. ಗ್ರಂಥಿ ಜ್ವರ ಎಂಬ ಒಂದು ವೈರಸ್ ಕಾಯಿಲೆಯಲ್ಲೂ ಗಂಟಲು ಥೇಟ್ ಸ್ಟ್ರೆಪ್ಪಿನಂತೆಯೇ ಕಾಣುತ್ತದೆ, ಆಗ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ಗುಳ್ಳೆ ಏಳುತ್ತವೆ. ಅದೂ ಬಹುತೇಕ ನಿಜವಾದ ಅಲರ್ಜಿಯಲ್ಲ. ಆದರೆ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮೈ ದದ್ದೆದ್ದು, ತುಟಿ ಮುಖ ಊದಿ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಮುಂದೆ ಯಾವ ಡಾಕ್ಟರ್ ಕಂಡರೂ ಮೊದಲು ಅದನ್ನೇ ಹೇಳಬೇಕು.

ಮನೆಯಲ್ಲಿ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ: ಉಪ್ಪುನೀರು ಮುಕ್ಕಳಿಸುವುದು, ಬೆಚ್ಚಗೆ ಗಂಜಿ, ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಮಕ್ಕಳಿಗೆ ಆಸ್ಪಿರಿನ್ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡ. ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಕಳೆದರೆ, ಜ್ವರವೂ ಬಿಟ್ಟಿದ್ದರೆ, ಹುಡುಗ ಶಾಲೆಗೆ ಹೋಗಬಹುದು. ಅಲ್ಲಿಂದಾಚೆಗೆ ಅವನಿಂದ ಇತರರಿಗೆ ಅಂಟುವ ಭಯ ಬಹುತೇಕ ಇಲ್ಲ.

ಕಾಯದೇ ಓಡಬೇಕಾದ ಸಂದರ್ಭ ಬೇರೆ. ಬಾಯಿ ತೆರೆಯಲಾಗುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ಉಸಿರಾಡುವಾಗ ಕೊರಕೊರ ಸದ್ದು, ಒಂದೇ ಕಡೆ ಊದಿ ಮಾತು ಅಸ್ಪಷ್ಟವಾಗಿದೆ ಎಂದರೆ ಒಳಗೆ ಕೀವು ಕಟ್ಟಿರಬಹುದು. ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಟ್ಟಿ, ಒರೆಸಲು ಹೋದರೆ ರಕ್ತ ಬಂದರೆ, ಕತ್ತು ಗೂಳಿಯ ಕತ್ತಿನಂತೆ ಊದಿದರೆ ಅದು ಗಂಟಲುಮಾರಿ (ಡಿಫ್ತೀರಿಯಾ) ಇರಬಹುದು. ಅದಕ್ಕೆ ಆಂಟಿಬಯೋಟಿಕ್ ಒಂದೇ ಸಾಲದು, ವಿಷ ಇಳಿಸುವ ಸೀರಮ್ ತುರ್ತಾಗಿ ಬೇಕು. ತಪ್ಪಿಸಲು ಲಸಿಕೆ ಇದೆ: ಆರು, ಹತ್ತು, ಹದಿನಾಲ್ಕನೇ ವಾರ, ಒಂದೂವರೆ ವರ್ಷದ ಹೊತ್ತಿಗೆ ಒಮ್ಮೆ, ಐದು ತುಂಬಿದ ಮೇಲೆ ಇನ್ನೊಮ್ಮೆ, ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಟಿಡಿ. ಕೊನೆಯ ಮೂರನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

ಗಂಟಲು ವಾಸಿಯಾದ ಮೇಲೂ ಕೆಲವು ತಿಂಗಳು ಕಣ್ಣಿಟ್ಟಿರಬೇಕು. ಮುಖ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಮೂತ್ರಪಿಂಡದ ಉರಿಯೂತ, ಸ್ಟ್ರೆಪ್ಪಿನದೇ ಇನ್ನೊಂದು ಬಾಲ. ಮಂಡಿ ಊದಿ ನೋವು ಕೀಲಿನಿಂದ ಕೀಲಿಗೆ ಅಲೆದರೆ, ಮಗು ಆಟದಲ್ಲಿ ಬೇಗ ದಣಿದರೆ, ಕೈಕಾಲು ತಾನಾಗಿ ಅದುರತೊಡಗಿದರೆ ಡಾಕ್ಟರ ಮುಂದೆ ಕೂತಾಗ "ಹ್ವಾದ ತಿಂಗಳು ಗಂಟ್ಲ ಬ್ಯಾನಿ ಬಂದಿತ್ರಿ" ಎಂಬ ಮಾತನ್ನು ಬಿಡದೆ ಹೇಳಿ. ಮಂಡಿ ನೋಡುತ್ತಿದ್ದ ಡಾಕ್ಟರು ಆ ಮಾತಿಗೆ ಎದೆಗೆ ಸ್ಟೆತಸ್ಕೋಪ್ ಹಚ್ಚುತ್ತಾರೆ. ಆಗ ಅವರು ಕೇಳುವ ಮುಂದಿನ ಪ್ರಶ್ನೆ, ಯಾವ ಗುಳಿಗೆ ಕೊಟ್ಟಿದ್ದಿರಿ, ಎಷ್ಟು ದಿನ?

ಆ ಸಂಜೆಯ ಪೊಟ್ಟಣದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಸ್ಟ್ರಿಪ್ಪಿನ ಹೆಸರು ಮತ್ತು ತಾರೀಖು ಇದ್ದ ತುದಿ ಕತ್ತರಿಯ ಈಚೆ, ಅಂಗಡಿಯ ಡಬ್ಬಿಯಲ್ಲೇ ಉಳಿದಿತ್ತು.